ಮುಂಗಡ ನಮಸ್ಕಾರ

ಐವತ್ತರ ದಶಕದ ಮಾತು. ರಾಜಾಜಿನಗರದಲ್ಲಿ ಆಗ ಮನೆಗಳಿಗಿಂತ ರಾಗಿ ಹೊಲವೇ ಜಾಸ್ತಿ. ನಮ್ಮ ಕಾರ್ಖಾನೆಗೆ ಮಿಷನ್ ಕೂರಿಸೋಕೆ ಬಂದಿದ್ದ ಅಮೆರಿಕದ ಸಾಹೇಬರು ಸಂಜೆ ಹೊತ್ತು ನಮಗೆ ಅವರ ದೇಶದ ಫುಟ್‌ಬಾಲ್ ಕಲಿಸ್ತಿದ್ರು. ಚೆಂಡು ಎಸೆಯೋರು ಅವರು, ದೂರ ಓಡಿ ಹಿಡಿಯೋರು ನಮ್ಮಲ್ಲಿ ಇಬ್ಬರು. ಎದುರಾಳಿಗಳು ಅವರ ಮೈಮೇಲೆ ಬೀಳದ ಹಾಗೆ ಮುಂದೆ ಸಾಲಾಗಿ ನಿಂತು ತಡೆಯೋರು ಉಳಿದ ನಾವು.

ತಡೆದ್ರೆ ತಾನೇ! ನೂಕಾಟದಲ್ಲಿ ಕಾಲು ಯಾರಿಗಾದರೂ ತಾಕಿದ್ರೆ ಸಾಕು, ಆಟ ಬಿಟ್ಟು ಅವರನ್ನ ಮುಟ್ಟಿ ಕಣ್ಣಿಗೊತ್ತಿಕೊಳ್ತಿದ್ವಿ. ಅಷ್ಟರಲ್ಲಿ ಉಳಿದವರು ನುಗ್ಗಿ ಸಾಹೇಬರನ್ನ ಕೆಡವಿರೋರು. ಸಾಹೇಬರು ಮಣ್ಣಲ್ಲಿ ಗೀಚಿ ತೋರಿಸಿದ್ದ ಉಪಾಯಗಳೆಲ್ಲ ಅಲ್ಲೇ ಉಳಿದ್ವು. ಚೆಂಡು ಕೈಗೆ ಬಂದ ಕೂಡಲೇ ಪಕ್ಕದವನಿಗೆ ಎಸೆಯೋದೊಂದೇ ಅವರಿಗೆ ಗತಿ.

ಊರಿಗೆ ಹೊರಡೋ ಹಿಂದಿನ ಸಂಜೆ, "ಒಂದೇ ಒಂದು ಸಲ ದೂರಕ್ಕೆ ಎಸೀಬೇಕು ಅಂತ ಆಸೆ," ಅಂದ್ರು. ನಾನು ನಮ್ಮ ಸಾಲಿನವರನ್ನ ಕರೆದೆ.

"ಲೋ, ನಮಸ್ಕಾರ ಎಲ್ಲ ಈಗಲೇ ಮಾಡಿ ಮುಗಿಸ್ರೋ," ಅಂದೆ. ಎದುರಿನವರನ್ನ ಮೊದಲೇ ಮುಟ್ಟಿ ಕಣ್ಣಿಗೊತ್ತಿಕೊಂಡು, ಆಮೇಲೆ ಗೋಡೆ ಹಾಗೆ ನಿಂತ್ವಿ.

ಸಾಹೇಬರು ನಿಧಾನವಾಗಿ ಕೈ ಬೀಸಿ ಎಸೆದ್ರು. ಚೆಂಡು ತೇಲಿಕೊಂಡು ಹೋಗಿ ಆಚೆ ರಾಗಿ ಹೊಲದಲ್ಲಿ ಬಿತ್ತು. ಹಿಡಿಯೋಕೆ ಒಬ್ಬನೂ ಓಡಿರಲಿಲ್ಲ. ಓಡಬೇಕಾದವರೂ ಸಾಲಿಗೆ ಬಂದು ಸಾಹೇಬರನ್ನ ಕಾಯ್ತಾ ನಿಂತಿದ್ರು.