ಕೂಟಗಲ್ ತಿರುವಿನಲ್ಲಿ ಕಂಡವಳು

ಮಕ್ಕಳೇ, ದೆವ್ವ, ಭೂತ, ಮೈಮೇಲೆ ಬರುವುದು, ಇದ್ಯಾವುದನ್ನೂ ನಾನು ನಂಬಿದವಳಲ್ಲ. ನಮ್ಮೂರ ಶಾಲೆಯಲ್ಲಿ ಓದಿದ್ದು ಸ್ವಲ್ಪವೇ ಆದರೂ, ಕಣ್ಣಿಗೆ ಕಂಡಿದ್ದನ್ನು ಬಿಟ್ಟು ಬೇರೆ ಮಾತಾಡಬಾರದು ಎಂದು ಮೇಷ್ಟ್ರು ಹೇಳಿದ್ದು ಮನಸ್ಸಿನಲ್ಲಿ ನಿಂತಿತ್ತು. ಆದರೆ ಇದೊಂದು ಸಂಗತಿ ನನ್ನ ಕಣ್ಣಿಗೆ ಕಂಡದ್ದಲ್ಲ. ನಾನೇ ಬೇರೆಯವರ ಕಣ್ಣಿಗೆ ಕಂಡದ್ದು. ಎದುರಿಗೆ ಕೂತು ಹೇಳಲು ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ತಾತ ಹೋದದ್ದು ಹೇಗೆಂದು ನಿಮಗೆ ಗೊತ್ತು. ರಾಮನಗರದ ಮಾರ್ಕೆಟ್ಟಿಗೆ ರೇಷ್ಮೆಗೂಡು ಹಾಕಿ, ಬೈಕಿನಲ್ಲಿ ಕೈಲಾಂಚದ ಕಡೆ ವಾಪಸ್ ಬರುವಾಗ ಜಾರಿ ಬಿದ್ದರು. ಮೈಮೇಲೆ ಒಂದು ಗೀರೂ ಇರಲಿಲ್ಲ, ತಲೆಗೆ ಮಾತ್ರ ಏಟು. ಹೆಲ್ಮೆಟ್ ಹಾಕಿರಲಿಲ್ಲ. ಮಾರನೇ ವರ್ಷ ಅವರ ಸ್ನೇಹಿತ ಶಿವಣ್ಣನವರೂ ನಿಮ್ಮಪ್ಪ ಮಹೇಶನೂ ಸೇರಿ ಒಂದು ಏರ್ಪಾಡು ಮಾಡಿದರು. ತಾತನ ನೆನಪಿಗೆ ಎಲ್ಲರೂ ಬೈಕಿನಲ್ಲಿ ಹೊರಡುವುದು. ಕನಕಪುರ, ಚನ್ನಪಟ್ಟಣ, ರಾಮನಗರ, ಮಾಗಡಿ ಸುತ್ತಿ ರೇಷ್ಮೆ ಬೆಳೆಯುವ ರೈತರಿಗೆ ಹೆಲ್ಮೆಟ್ ಹಂಚುವುದು. ಕೊನೆಗೆ ಕಲ್ಯದಲ್ಲಿ ತಾತನ ತಂಗಿಯ ಮನೆಯಲ್ಲಿ ಊಟ. ಮಹೇಶ ತಾತನ ಬೈಕನ್ನೇ ರಿಪೇರಿ ಮಾಡಿಸಿದ್ದ. ಅದೇ ಗಾಡಿ ಎಲ್ಲಕ್ಕಿಂತ ಮುಂದೆ ಹೋಗಬೇಕೆಂದು ಅವರಿಬ್ಬರ ಆಸೆ. ಅದನ್ನು ಕಂಡಾಗೆಲ್ಲ ನನಗೆ, ಅಪ್ಪನನ್ನು ಕೊಂಡುಹೋದ ಗಾಡಿ ಮಗನನ್ನು ಬಿಟ್ಟೀತೇ ಎಂಬ ಒಂದೇ ಯೋಚನೆ. ಬಾಯಿಬಿಟ್ಟು ಹೇಳಲಿಲ್ಲ.

ಹೊರಡುವ ಬೆಳಿಗ್ಗೆ ಅಂಗಳದ ತುಂಬ ಬೈಕುಗಳು. ನಾನು ಹುಳುಮನೆ ಸೇರಿಕೊಂಡಿದ್ದೆ. ರೇಷ್ಮೆಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಜ್ವರ ಎಂದರೆ ಕಾಯಿಲೆಯಲ್ಲ, ಪೊರೆ ಬಿಡುವ ಹೊತ್ತು. ಆಗ ಅವು ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತವೆ. ಸೊಪ್ಪು ಹಾಕುವಂತಿಲ್ಲ, ಮೇಲೆ ಒಂದಿಷ್ಟು ಸುಣ್ಣದ ಪುಡಿ ಉದುರಿಸಿದರಾಯಿತು. ಹೆಚ್ಚು ಕೆಲಸವಿಲ್ಲದ ದಿನವೇ ಅದು. ಆದರೂ ಕೆಲಸವಿದೆ ಎಂದೆ.

ಮಹೇಶ ಬಾಗಿಲಲ್ಲಿ ನಿಂತು ಕರೆದ. "ಅವ್ವ, ಬಾರವ್ವ. ನೀನೇ ಬಾವುಟ ಬೀಸ್ಬೇಕಂತೆ. ಎಲ್ಲಾ ಕಾಯ್ತಾವ್ರೆ."

"ಹೊರಟೋರ ಎದುರಿಗೆ ನಾನು ಬರಬಾರ್ದು ಕಣಪ್ಪ. ನೀವು ಹೊರಡಿ."

"ಯಾವ ಕಾಲದಾಗಿದ್ದೀಯವ್ವ ನೀನು?"

ಕೈಸಹಾಯಕ್ಕೆ ಬಂದಿದ್ದ ಪಕ್ಕದ ಮನೆಯ ಗೌರಮ್ಮ ನಕ್ಕಳು. "ಬುಡ್ಲಾ ಮಗ. ನಿಮ್ಮವ್ವಂಗೆ ಗಂಡಸರ ಮುಂದೆ ನಿಂತ್ರೆ ಕಾಲು ನಡುಗ್ತದೆ. ಹುಳ ಆದ್ರೆ ತಿರುಗಿ ಮಾತಾಡಾಕಿಲ್ವಲ್ಲ, ಅದ್ಕೇ ಇಲ್ಲಿ ಧೈರ್ಯ!"

ಅವನು ಹೋದ. ಬೈಕುಗಳ ಸದ್ದು ದೂರವಾಗುವವರೆಗೂ ನಾನು ಹೊರಗೆ ಬರಲಿಲ್ಲ.

ಬಿಸಿಲೇರಿದ ಮೇಲೆ, ತೆಳುಬಟ್ಟೆಯಲ್ಲಿ ಕಟ್ಟಿದ ಸುಣ್ಣವನ್ನು ಮತ್ತೊಮ್ಮೆ ಉದುರಿಸುತ್ತಿದ್ದೆ. ಇದ್ದಕ್ಕಿದ್ದಂತೆ ಅಂಗಾಲು ಸುಡತೊಡಗಿತು. ಹುಳುಮನೆಯೊಳಗೆ ನಾವು ಚಪ್ಪಲಿ ಮೆಟ್ಟುವುದಿಲ್ಲ, ಆದರೆ ಸಿಮೆಂಟಿನ ನೆಲ ತಂಪಾಗಿಯೇ ಇತ್ತು. ಕಾದ ಡಾಂಬರಿನ ಮೇಲೆ ನಿಂತ ಹಾಗೆ ಉರಿ. ಆಮೇಲಿನದು ನೆನಪಿಲ್ಲ. ಗೌರಮ್ಮ ಭುಜ ಹಿಡಿದು ಅಲ್ಲಾಡಿಸುತ್ತಿದ್ದಳು. "ಏನಕ್ಕ ಇದು, ಎಷ್ಟು ಕೂಗ್ದೆ! ಕಂಬ ನೆಟ್ಟಂಗೆ ನಿಂತ್ಬುಟ್ಟಿದ್ಯಲ್ಲ. ತಕ್ಕೋ, ಒಸಿ ನೀರು ಕುಡಿ." ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ, ಅದಕ್ಕೇ ಇರಬೇಕು ಎಂದುಕೊಂಡೆ.

ನೀರಿನ ಲೋಟ ಕೆಳಗಿಡುವ ಮೊದಲೇ ಫೋನು ಬಂತು. ಶಿವಣ್ಣನವರದು.

"ಅತ್ಗೆ, ಎಲ್ಲಿದ್ದೀರಾ? ಏಟಾಯ್ತಾ?"

"ಏಟು ಯಾಕಪ್ಪ? ಹುಳುಮನೇಲಿ ಸುಣ್ಣ ಹಾಕ್ತಾ ಇದೀನಿ."

"ತಮಾಸೆ ಮಾಡ್ಬೇಡಿ ಅತ್ಗೆ. ಈಗ ತಾನೇ ಇಲ್ಲಿ ರೋಡಲ್ಲಿ ನಿಂತಿದ್ರಲ್ಲ. ಎಲ್ಲಾ ನೋಡಿದ್ವಿ!"

ಮಹೇಶ ಫೋನು ಕಿತ್ತುಕೊಂಡ. "ಅವ್ವಾ" ಎಂದವನು ಅತ್ತುಬಿಟ್ಟ.

ನಡೆದದ್ದನ್ನು ಸಂಜೆ ಬಂದು ಹೇಳಿದರು. ರಾಮನಗರ ಮುಗಿಸಿ ಮಾಗಡಿ ಕಡೆ ಹೋಗುವಾಗ, ಕೂಟಗಲ್ ದಾಟಿದ ಮೇಲೆ ಒಂದು ತಿರುವು. ಅಲ್ಲಿ ರಸ್ತೆಯ ನಟ್ಟನಡುವೆ ನಾನು ಎರಡೂ ಕೈ ಚಾಚಿ ನಿಂತಿದ್ದೆನಂತೆ. ಬರಿಗಾಲು, ಮೊಣಕೈವರೆಗೂ ಸುಣ್ಣ. ಮುಂದಿದ್ದ ಮಹೇಶ ಬ್ರೇಕ್ ಒತ್ತಿದ, ಹಿಂದಿನವರೂ ನಿಂತರು. ಅಷ್ಟರಲ್ಲಿ ತಿರುವಿನ ಆಚೆಯಿಂದ ಕಲ್ಲು ತುಂಬಿದ ಲಾರಿಯೊಂದು ಹತೋಟಿ ತಪ್ಪಿ ಬಂದು, ಇವರು ಹೋಗಬೇಕಿದ್ದ ಜಾಗಕ್ಕೇ ಮಗುಚಿಕೊಂಡಿತು. ಪುಣ್ಯಕ್ಕೆ ಡ್ರೈವರ್ ಉಳಿದ. ಧೂಳು ಇಳಿದ ಮೇಲೆ ನೋಡಿದರೆ ನಾನಿಲ್ಲ. ಅವ್ವ ಕಲ್ಲಿನ ಕೆಳಗೆ ಸಿಕ್ಕಿಹಾಕಿಕೊಂಡಳು ಎಂದು ಮಹೇಶ ಕೂಗಾಡುತ್ತಾ ಬರಿಗೈಯಲ್ಲಿ ಕಲ್ಲು ಸರಿಸುತ್ತಿದ್ದನಂತೆ. ಅವನ ಉಗುರುಗಳಲ್ಲಿ ರಕ್ತ ಒಣಗಿದ್ದನ್ನು ನಾನೇ ತೊಳೆದೆ.

ಬೇರೆ ಯಾರೋ ಹೆಂಗಸು ಇದ್ದಿರಬೇಕು ಎಂದು ನಾನೇ ವಾದ ಮಾಡಿದೆ. ನಮ್ಮ ಕಡೆ ಸುಣ್ಣದ ಕೈಯ ಹೆಂಗಸರಿಗೆ ಬರವೇ? ಆಮೇಲೊಮ್ಮೆ ಕಲ್ಯಕ್ಕೆ ಹೋಗುವಾಗ ಕೂಟಗಲ್‌ನಲ್ಲಿ ಇಳಿದು, ನಾಚಿಕೆ ನುಂಗಿಕೊಂಡು, ಅಂಗಡಿಯವರನ್ನೂ ಹೊಲದವರನ್ನೂ ಕೇಳಿದೆ. ಲಾರಿ ಬಿದ್ದದ್ದು ಎಲ್ಲರಿಗೂ ನೆನಪಿತ್ತು. ಅಂಥ ಹೆಂಗಸು ಯಾರಿಗೂ ಗೊತ್ತಿರಲಿಲ್ಲ. ನಿಮ್ಮ ತಾತನೇ ನನ್ನ ರೂಪದಲ್ಲಿ ಬಂದರು ಎಂದಳು ಗೌರಮ್ಮ. ಬಂದರೆ ತಮ್ಮ ರೂಪದಲ್ಲೇ ಬರಬಹುದಿತ್ತಲ್ಲ?

ತುಂಬ ದಿನ ಮಹೇಶ ಆ ಮಾತೇ ಎತ್ತಲಿಲ್ಲ. ಒಂದು ದಿನ ಊಟಕ್ಕೆ ಬಡಿಸುತ್ತಾ ನಾನೇ ಕೇಳಿದೆ.

"ನನ್ನ ಮುಖ ಸರಿಯಾಗಿ ಕಂಡ್ಯಾ ನೀನು?"

"ಕಂಡೆ."

"ಹೆಂಗಿದ್ದೆ? ಹೆದರಿದ್ನಾ?"

ಅವನು ಮುದ್ದೆ ಮುರಿಯುವುದನ್ನು ನಿಲ್ಲಿಸಿದ. "ಇಲ್ಲ ಕಣವ್ವ. ಸಿಟ್ಟಾಗಿದ್ದೆ. ಒಂದು ಹೆಜ್ಜೆ ಮುಂದೆ ಬಂದ್ರೆ ಬುಡಾಕಿಲ್ಲ ಅನ್ನಂಗೆ ನೋಡ್ತಿದ್ದೆ. ನಿನ್ನ ಆ ಮುಖ ನಾನು ಯಾವತ್ತೂ ನೋಡಿರ್ಲಿಲ್ಲ."

ನಾನೂ ನೋಡಿಲ್ಲ. ನಿಮ್ಮ ತಾತನನ್ನು ತಂದು ಅಂಗಳದಲ್ಲಿ ಇಳಿಸಿದ ದಿನವೂ ನನಗೆ ಯಾರ ಮೇಲೂ ಸಿಟ್ಟು ಬಂದಿರಲಿಲ್ಲ. ಮೂಲೆ ಹಿಡಿದು ಅಳುತ್ತಾ ಕೂತಿದ್ದೆ, ಅಷ್ಟೇ. ಅಷ್ಟು ಸಿಟ್ಟು ಅದುವರೆಗೆ ಎಲ್ಲಿತ್ತು? ನನ್ನದೇ ಆಗಿದ್ದರೆ ನನಗೇ ಏಕೆ ತಿಳಿಯಲಿಲ್ಲ? ಈಗಲೂ ತಲೆ ಬಾಚುವಾಗ ಒಂದೊಂದು ಸಲ ಕನ್ನಡಿಯಲ್ಲಿ ಆ ಮುಖವನ್ನು ಹುಡುಕುತ್ತೇನೆ. ನಾನೇ ಕಾಣುತ್ತೇನೆ.