ಹಾವಿನ ಬಲ್ಬಿಗೆ ಗಡಿಗೆ ಮುಚ್ಚಿದ್ದು

ಗೆಳೆಯರೇ, ಇವತ್ತು ಐನಾಪುರದ ನಮ್ಮ ಮನೆಯಲ್ಲಿ ಜಗಳ. ನಾನು ಸಾಕಿರುವ ಕೇರೆಹಾವಿಗೆ ಚಳಿಯಾಗದಿರಲೆಂದು ಪೆಟ್ಟಿಗೆಯ ಒಂದು ಮೂಲೆಯಲ್ಲಿ ಬಲ್ಬು ಹಚ್ಚಿದ್ದೆ. ಸೆಕೆಯಾದರೆ ಅದು ಆಚೆ ಸರಿಯಬಹುದು. ಅಜ್ಜಿ ಹಾವಿಗೆ ಹೆದರಲಿಲ್ಲ, ಬಲ್ಬು ನೋಡಿ ಸಿಡಿದೆದ್ದಳು.

“ದೀಪಕ್ಕ ಹುಳ ಬಿದ್ದು ಸಾಯತಾವು. ಜೈನರ ಮನ್ಯಾಗ ಇದೇನ್ಲೇ?”

“ಹಾವಿಗೆ ಬೆಳಕು ಬ್ಯಾಡ ಆಯಿ, ಕಾವಷ್ಟ ಸಾಕು,” ಎಂದು ಬಲ್ಬಿನ ಮೇಲೆ ಮಣ್ಣಿನ ಗಡಿಗೆ ಬೋರಲು ಹಾಕಿದೆ. ಬೆಳಕು ಅಡಗಿತು, ಗಡಿಗೆ ಬೆಚ್ಚಗಾಯಿತು, ಹಾವಿನ ಮೈ ಸುಡುವ ಭಯವೂ ಹೋಯಿತು. ಹಾವು ಬಂದು ಗಡಿಗೆಯನ್ನೇ ಸುತ್ತಿ ಮಲಗಿತು. ನಾನು ಮೀಸೆ ತಿರುವಿದೆ.

ಅಜ್ಜಿ ಬಗ್ಗಿ ನೋಡಿದಳು. “ಛಲೋ ಆತು, ಹುಳ ಉಳದೂವು. ಈಗ ಹೇಳು, ಇದಕ್ಕ ಉಣ್ಣಾಕ ಏನ ಹಾಕತಿ?”

‘ಇಲಿ’ ಎನ್ನುವ ಮಾತು ಗಂಟಲಲ್ಲೇ ಉಳಿಯಿತು. ಸದ್ಯಕ್ಕೆ ನಾನು ಮೌನವ್ರತದಲ್ಲಿದ್ದೇನೆ, ಹಾವು ಉಪವಾಸದಲ್ಲಿದೆ.