ಐದೂರಿನ ಸೂರ್ಯಾಸ್ತ

ನಾನು ಗಣಿತದ ಮಾಸ್ತರ. ಲೆಕ್ಕ ತಪ್ಪಿದರೆ ನನಗೆ ಅಷ್ಟೇನೂ ಬೇಸರವಾಗುವುದಿಲ್ಲ. ತಪ್ಪು ನನ್ನದೆಂದು ನಾಲ್ಕು ಜನಕ್ಕೆ ಗೊತ್ತಾದರೆ ಮಾತ್ರ ಊಟ ರುಚಿಸುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಸಲೀಸು.

ನಮ್ಮದು ಜೈನರ ಮನೆತನ. ಮೂಲ ಉಗಾರ ಬುದ್ರುಕ. ಈಗ ನಿಪ್ಪಾಣಿ, ಚಿಕ್ಕೋಡಿ, ಕಾಗವಾಡ, ರಾಯಬಾಗ, ಅಥಣಿ ಅಂತ ಐದು ಕಡೆ ಹಂಚಿಹೋಗಿದ್ದೇವೆ. ಹೊತ್ತು ಮುಳುಗಿದ ಮೇಲೆ ಉಣ್ಣಬಾರದೆಂಬ ನೇಮ ಎಲ್ಲರಿಗೂ ಉಂಟು. ಚಿಕ್ಕೋಡಿಯ ನನ್ನಂಥವರಿಗೆ ಅದು ಹಬ್ಬಕ್ಕೊಮ್ಮೆ ನೆನಪಾಗುತ್ತದೆ. ಅಥಣಿಯ ಸುನಂದಾ ಕಾಕು, ಅಂದರೆ ನನ್ನ ಚಿಕ್ಕಪ್ಪನ ಹೆಂಡತಿ, ಮೂವತ್ತು ವರ್ಷದಿಂದ ಹೊತ್ತು ಮುಳುಗಿದ ಮೇಲೆ ನೀರನ್ನೂ ಮುಟ್ಟಿದವರಲ್ಲ. ಬೇಸಿಗೆಯಲ್ಲಿ ಆ ಕೊನೆಯ ತಂಬಿಗೆ ನೀರನ್ನು ಎಷ್ಟು ತಡವಾಗಿ ಕುಡಿದರೆ ಅಷ್ಟು ಒಳ್ಳೆಯದು, ಬೆಳಗಿನ ತನಕ ಅದೇ ಆಧಾರ. ಆದರೆ ಒಂದು ನಿಮಿಷವೂ ಮೀರುವಂತಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿರುವುದೋ, ಎಲ್ಲೋ ದೊಡ್ಡ ಊರಿನ ಸೂರ್ಯಾಸ್ತ.

"ತಮ್ಮಾ, ನಮ್ಮೂರಾಗ ಖರೇ ಎಷ್ಟಕ್ಕ ಮುಳುಗತೈತಿ, ಲೆಕ್ಕಾ ಹಾಕಿ ಕೊಡು," ಎಂದರು ಕಾಕು.

ನಾನು ಆಗಷ್ಟೇ ಪೈಥಾನ್ ಕಲಿತಿದ್ದೆ. ಹೊಸದಾಗಿ ಬೈಕು ಕಲಿತವನು ಎದುರಿನ ಅಂಗಡಿಗೂ ಬೈಕಿನಲ್ಲೇ ಹೋಗುತ್ತಾನಲ್ಲ, ಹಾಗಿತ್ತು ನನ್ನ ಸ್ಥಿತಿ. ಅಕ್ಷಾಂಶ, ರೇಖಾಂಶ, ಸೂರ್ಯನ ವಾಲಿಕೆ ಎಲ್ಲ ಸೇರಿಸಿ ನಲವತ್ತು ಸಾಲಿನ ಪ್ರೋಗ್ರಾಮ್ ಬರೆದೆ. ಅಥಣಿಯಲ್ಲಿ ಸೂರ್ಯ ನಿಪ್ಪಾಣಿಗಿಂತ ಎರಡೂವರೆ ನಿಮಿಷ ಮೊದಲೇ ಮುಳುಗುತ್ತಾನೆಂದು ಗೊತ್ತಾದಾಗ, ಅವನನ್ನು ನಾನೇ ಮುಳುಗಿಸಿದಷ್ಟು ಹೆಮ್ಮೆಯಾಯಿತು. ಫೈಲನ್ನು ಮನೆತನದ ವಾಟ್ಸಾಪ್ ಗುಂಪಿಗೆ ಹಾಕಿದೆ. ಯಾರ ಫೋನಿನಲ್ಲೂ ತೆರೆಯಲಿಲ್ಲ. ತೆರೆಯುವುದು ಹೇಗೆಂದು ಪ್ರೋಗ್ರಾಮಿಗಿಂತ ಉದ್ದದ ಟಿಪ್ಪಣಿ ಬರೆದೆ. ಅದನ್ನು ಯಾರೂ ಓದಲಿಲ್ಲ. ಕಾಕು ಮಾತ್ರ ಫೋನ್ ಮಾಡಿದರು: "ಫೈಲ್ ಚಲೋ ಐತಿ ತಮ್ಮಾ. ಹೊತ್ತು ಎಷ್ಟಕ್ಕ ಮುಳುಗತೈತಿ?"

ರಾಯಬಾಗದಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಅಜಿತ, ನನ್ನ ಸೋದರತ್ತೆಯ ಮಗ, ನನ್ನ ಸೂತ್ರವನ್ನೇ ಕೇಳಿ ಇಸಿದುಕೊಂಡು ಎಲ್ಲರೂ ಮೊಬೈಲಿನಲ್ಲೇ ತೆರೆಯಬಹುದಾದ, ತಿದ್ದಬಹುದಾದ ಒಂದು ಆನ್‌ಲೈನ್ ಶೀಟು ಮಾಡಿದ. ಒಂದು ಕಡೆ ಐದು ಊರು, ಪಕ್ಕದಲ್ಲಿ ಆ ದಿನದ ಹೊತ್ತು. ಮುಟ್ಟಿದರೆ ಸಾಕು, ತೆರೆಯುತ್ತಿತ್ತು. ಗುಂಪಿನಲ್ಲಿ ಅವನಿಗೆ ಜೈಕಾರ. ನನಗೆ ಹೊಟ್ಟೆಯುರಿಯಿತು ಅಂತ ಬೇರೆ ಹೇಳಬೇಕೆ?

ಶೀಟಿಗಿಂತ ಪ್ರೋಗ್ರಾಮೇ ಮೇಲೆಂಬ ನನ್ನ ವಾದದಲ್ಲೂ ಹುರುಳಿತ್ತು, ನೋಡಿ. ಹಿಂದಿನ ಪಂಚಾಂಗದವರು ಲೆಕ್ಕವನ್ನು ತಮ್ಮಲ್ಲೇ ಇಟ್ಟುಕೊಂಡು ಉತ್ತರವನ್ನಷ್ಟೇ ಊರಿಗೆ ಕೊಡುತ್ತಿದ್ದರು. ಪ್ರೋಗ್ರಾಮ್ ಬರೆಯುವ ನಾವೂ ಆ ಪೈಕಿಯೇ. ಶೀಟು ಹಾಗಲ್ಲ, ಅದು ಮದುವೆ ಮನೆಯ ಅಡುಗೆ. ಹಾದುಹೋದವರೆಲ್ಲ ಒಂದು ಚಿಟಿಕೆ ಉಪ್ಪು ಹಾಕುತ್ತಾರೆ. ನಿಪ್ಪಾಣಿಯ ಒಬ್ಬರು ಸೂರ್ಯಾಸ್ತದ ಪಕ್ಕದ ಚೌಕದಲ್ಲಿ "ರವಿವಾರ ಬರತೇವಿ" ಎಂದು ಬರೆದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಇಷ್ಟೆಲ್ಲ ಗೊತ್ತಿದ್ದ ನಾನು ಒಂದು ಮಧ್ಯಾಹ್ನ ಏನು ಮಾಡಿದೆನೆಂದರೆ, ಸುಮ್ಮನೆ ಶೀಟು ತೆರೆದೆ. ಊರುಗಳು ಮನೆತನದ ಹಿರಿತನದ ಪ್ರಕಾರ ಇದ್ದವು: ನಿಪ್ಪಾಣಿ ಮೇಲೆ, ಅಥಣಿ ಕೆಳಗೆ. ಹಾಜರಿ ಪುಸ್ತಕದ ಮಾಸ್ತರನ ಕಣ್ಣಿಗೆ ಇದು ಸರಿಬರಲಿಲ್ಲ. ಹೆಸರುಗಳನ್ನು ಹಿಡಿದು ಅಕಾರಾದಿಗೆ ಹಚ್ಚಿದೆ. ಅಚ್ಚುಕಟ್ಟಾಯಿತು ಎಂದು ಮುಚ್ಚಿಟ್ಟೆ.

ಐದನೆಯ ದಿನ ಸಂಜೆ ಕಾಕು ಫೋನ್ ಮಾಡಿದರು. "ಮೊಬೈಲ್ ನೋಡಿ ನೀರ ಕುಡದು ಹಿತ್ತಲಕ ಬಂದೆ ತಮ್ಮಾ. ಇನ್ನೂ ಎರಡ ನಿಮಿಷ ಐತಿ ಅಂತ ತೋರ್ಸತೈತಿ, ಸೂರ್ಯಾ ಆಗಲೇ ಹೋಗ್ಯಾನಲ್ಲೋ! ನಾಕೈದ ದಿನ ಹಿಂಗs ಆಗಿರಬೇಕು. ಮೂವತ್ತ ವರ್ಷದ ನೇಮ..."

ನನಗೆ ಸಂಕಟವಾಯಿತು, ಸುಳ್ಳಲ್ಲ. ಆದರೆ ಸಂಕಟದ ಬೆನ್ನಿಗೇ ಒಂದು ಖುಷಿಯೂ ಬಂತು, ಅದೂ ಸುಳ್ಳಲ್ಲ. ಗುಂಪಿನಲ್ಲಿ ದೊಡ್ಡ ಭಾಷಣ ಬರೆದೆ: ಶೀಟಿನ ಹಣೆಬರಹವೇ ಇಷ್ಟು, ಪ್ರೋಗ್ರಾಮಿನಲ್ಲಿ ಹೀಗಾಗುತ್ತಿರಲಿಲ್ಲ, ಕೈ ಹಚ್ಚಿದವರು ಯಾರೋ ಮುಂದೆ ಬರ್ರಿ!

ಹತ್ತು ನಿಮಿಷಕ್ಕೆ ಅಜಿತನ ಫೋನು. "ದಾದಾ, ಶೀಟಿನಾಗ ಯಾರು ಯಾವಾಗ ಏನ ಬದಲ್ ಮಾಡ್ಯಾರ ಅನ್ನೂದೆಲ್ಲಾ ಉಳದಿರತೈತ್ರಿ. ನೋಡೇನಿ. ಊರಿನ ಹೆಸರು ಅಷ್ಟs ಸರದಾವು, ಹೊತ್ತು ಇದ್ದಲ್ಲೇ ಐತಿ. ಅಥಣಿ ಮ್ಯಾಲ ಹೋಗಿ ನಿಪ್ಪಾಣಿ ಹೊತ್ತಿಗೆ ಕುಂತೈತಿ." ಆಮೇಲೆ, "ಗುಂಪಿನ್ಯಾಗ ನಾ ಏನೂ ಹಾಕೂದಿಲ್ಲ ಬಿಡ್ರಿ," ಎಂದ. ಬೈದಿದ್ದರೆ ಎಷ್ಟೋ ಹಗುರಾಗುತ್ತಿದ್ದೆ.

ಮರುದಿನ ಅಥಣಿಯ ಬಸ್ಸು ಹಿಡಿದೆ. ಹಾರೂಗೇರಿ ಬರುವವರೆಗೆ ಮಾತು ಹೊಂದಿಸಿದೆ: ತಾಂತ್ರಿಕ ದೋಷ, ಕಾಲಮ್ಮಿನ ಸ್ವಭಾವ, ಇತ್ಯಾದಿ. ಕಾಕುವಿನ ಮುಖ ಕಂಡಾಗ ಬಾಯಿಗೆ ಬಂದದ್ದು, "ಕಾಕು, ತಪ್ಪು ನಂದ," ಎಂಬುದಷ್ಟೇ.

ಅವರು ಅಂದು ಪ್ರಾಯಶ್ಚಿತ್ತದ ಉಪವಾಸ ಹಿಡಿದಿದ್ದರು. "ಹಂಗಾರ ಇವತ್ತ ನೀನೂ ಉಣಬ್ಯಾಡ," ಎಂದರು. ಹಾರೂಗೇರಿಯಲ್ಲಿ ತಿಂದ ಎರಡು ಮಿರ್ಚಿ ಭಜಿಯನ್ನೂ ಒಪ್ಪಿಕೊಂಡೆ. "ಅದು ಉಪಾಸದ ಮೊದಲಿಂದು, ಬಿಡು," ಎಂದು ಮಾಫಿ ಮಾಡಿದರು.

ಸಂಜೆ ಕೇಳಿದರು: "ನಾಳೆ ಹೊತ್ತು ಹುಟ್ಟಿ ಎರಡ ಘಳಿಗಿ ಆದ ಮ್ಯಾಲ ಉಪಾಸ ಬಿಡಬೇಕು. ಎಷ್ಟಕ್ಕ ಆಗತೈತಿ, ಲೆಕ್ಕಾ ಹಾಕು."

"ಅಜಿತನ್ನ ಕೇಳೂಣು ಕಾಕು."

"ಅವನ್ನ ಯಾಕ? ತಪ್ಪು ಮಾಡಿದಾವ ನೀ ಅಲ್ಲೇನು? ಈಗ ನಿನ್ನಷ್ಟು ಕಾಳಜೀಲೆ ಯಾರ ನೋಡ್ತಾರ?"

ಪ್ರೋಗ್ರಾಮ್ ನಡೆಸಿದೆ. ಅಜಿತ ಸರಿಪಡಿಸಿದ್ದ ಶೀಟಿನಲ್ಲೂ ಹಾಕಿ ನೋಡಿದೆ. ಎರಡರ ಉತ್ತರವೂ ಒಂದೇ ಬಂತು, ನಿಮಿಷ ಸಹಿತ. ಆದರೂ ಬೆಳಗ್ಗೆ ಎದ್ದು, ಹಸಿದ ಹೊಟ್ಟೆಯಲ್ಲಿ ಗಡಿಯಾರ ಹಿಡಿದು ಮೂಡಣ ದಿಕ್ಕಿಗೆ ಮುಖಮಾಡಿ ನಿಂತೆ. ಸೂರ್ಯ ಬಂದು ಹಾಜರಿ ಹೇಳುವ ತನಕ ಎರಡನ್ನೂ ನಂಬಲಿಲ್ಲ.